ಆಡಿನ ತಲೆಯಿಂದ ಪಿಟ್ಯುಟರಿ ಕೆಡದಂತೆ ತೆಗೆಯುವುದು

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ತರಗತಿಗೆ ಮೆದುಳು, ಗ್ರಂಥಿಗಳ ಪಾಠಕ್ಕೆ ನಾನು ಆಡಿನ ತಲೆ ತರುತ್ತೇನೆ. ಮಾಂಸದಂಗಡಿಯಲ್ಲಿ "ತಲೆ ಸೀಳುವುದು ಬೇಡ" ಎಂದು ಮೊದಲೇ ಹೇಳಿಡಬೇಕು. ಕತ್ತಿ ನಡುವೆ ಬಿದ್ದರೆ ನಮಗೆ ಬೇಕಾದ ಪಿಟ್ಯುಟರಿ, ಅಂದರೆ ಮೆದುಳಿನ ತಳಕ್ಕೆ ತೊಟ್ಟಿನಿಂದ ಅಂಟಿಕೊಂಡ ಪುಟ್ಟ ಗ್ರಂಥಿ, ಇರುವ ಜಾಗವೇ ಜಜ್ಜಿಹೋಗುತ್ತದೆ.

ಚರ್ಮ, ಕೊಂಬು ತೆಗೆದು ಕಣ್ಣುಗುಳಿಗಳ ಹಿಂದೆ ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಕೊಯ್ಯುತ್ತೇನೆ. ಆ ಗೆರೆಯ ಎರಡು ತುದಿಗಳಿಂದ ಹಿಂದಕ್ಕೆ, ಬೆನ್ನುಹುರಿಯ ತೂತಿನವರೆಗೆ ಒಂದೊಂದು ಗೆರೆ. ಹಣೆಯಲ್ಲಿ ಎಲುಬು ಎರಡು ಪದರ, ನಡುವೆ ಗಾಳಿಗೂಡು. ಮೊದಲ ಪದರ ದಾಟಿದಾಗಲೇ ಮುಗಿಯಿತೆಂದು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದರೆ ಚೂರು ಮಾತ್ರ ಕೈಗೆ ಬರುತ್ತದೆ.

ಒಳಗಿನ ಗಟ್ಟಿ ಪೊರೆಯನ್ನು ಕತ್ತರಿಯಿಂದ ಬಿಡಿಸಬೇಕು. ಮಹಾಮಸ್ತಿಷ್ಕಕ್ಕೂ ಕಿರುಮೆದುಳಿಗೂ ನಡುವೆ ಇಳಿದಿರುವ ಆ ಪೊರೆಯ ಮಡಿಕೆಯನ್ನು ಮರೆತರೆ ಕಿರುಮೆದುಳು ಹರಿಯುತ್ತದೆ; ತಾಜಾ ಮೆದುಳು ಬೊಂಡದ ಎಳೆ ತಿರುಳಿನಷ್ಟು ಮೆತ್ತಗೆ. ಆಮೇಲೆ ತಲೆಯನ್ನು ಮಗುಚಿ ಹಿಡಿದು ನರಗಳನ್ನು ಮುಂದಿನಿಂದ ಒಂದೊಂದಾಗಿ ಕತ್ತರಿಸುತ್ತಾ ಹೋದರೆ ಮೆದುಳು ತನ್ನ ಭಾರಕ್ಕೇ ಜಾರುತ್ತದೆ. ಎರಡು ದಪ್ಪ ದೃಷ್ಟಿನರಗಳು ಕೂಡುವ ಜಾಗದ ಹಿಂದೆಯೇ ಪಿಟ್ಯುಟರಿಯ ತೊಟ್ಟು. ಎಳೆದರೆ ಅದು ತುಂಡಾಗಿ ಗ್ರಂಥಿ ಎಲುಬಿನ ಗುಂಡಿಯಲ್ಲೇ ಉಳಿಯುತ್ತದೆ. ಮೆದುಳನ್ನು ಮಾತ್ರ ತಟ್ಟೆಯಲ್ಲಿಟ್ಟರೆ ಮಕ್ಕಳಿಗೆ ಪಿಟ್ಯುಟರಿ ಕಾಣದಿರುವುದು ಇದರಿಂದಲೇ. ತೊಟ್ಟನ್ನು ಬ್ಲೇಡಿನಿಂದ ಕೊಯ್ದು, ತಲೆಬುರುಡೆಯ ತಳವನ್ನೂ ಇಟ್ಟುಕೊಳ್ಳಿ.

ಮೆದುಳನ್ನೂ ಬುರುಡೆಯ ತಳವನ್ನೂ ಕೆಡದೆ ಗಟ್ಟಿಯಾಗಲು ಮುಳುಗಿಸಿಡುವ ದ್ರಾವಣಕ್ಕೆ ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು. ಒಂದು ಮೆದುಳಿಗೆ ಕನಿಷ್ಠ 1 ಲೀಟರ್. ಭರಣಿಯ ತಳಕ್ಕೆ ದಪ್ಪ ಹತ್ತಿ ಹಾಸದಿದ್ದರೆ ಒಂದು ಬದಿ ಚಪ್ಪಟೆಯಾಗುತ್ತದೆ. 2 ವಾರ ಬೇಕು. ಅವಸರ ಮಾಡಿದರೆ ಹೊರಗೆ ಗಟ್ಟಿ, ನಡುವೆ ಗಂಜಿ. ತರಗತಿಯ ಹಿಂದಿನ ರಾತ್ರಿ ನೀರಿನಲ್ಲಿ ನೆನೆಸಿಡಿ. ಕೈಗೆ ಗ್ಲೌಸ್, ಕಿಟಕಿ ತೆರೆದಿರಲಿ.

ಗಟ್ಟಿಯಾದ ಮೇಲೆ ಗುಂಡಿಯ ಸುತ್ತ ಚಾಕುವಿನ ಮೊನೆ ಆಡಿಸಿ ಗ್ರಂಥಿಯನ್ನು ಎಬ್ಬಿಸುತ್ತೇನೆ. ಪಕ್ಕದಲ್ಲೇ ರಕ್ತನಾಳಗಳ ಬಲೆ ಸಿಗುತ್ತದೆ. ಮೆದುಳಿಗೆ ಹೋಗುವ ರಕ್ತ ಅಲ್ಲಿ ತಣಿಯುತ್ತದೆ, ಮನುಷ್ಯರಿಗೆ ಅದಿಲ್ಲ. ಅಡಿಕೆ ಹಾಳೆಯ ತಟ್ಟೆಯಲ್ಲಿ ಗ್ರಂಥಿಯನ್ನು ಉದ್ದಕ್ಕೆ ಸೀಳಿದರೆ ಮುಂದಿನ, ಹಿಂದಿನ ಭಾಗಗಳು ಬೇರೆಬೇರೆ ಕಾಣುತ್ತವೆ. ತೊಟ್ಟಿನ ಮೇಲಿರುವ ಮೆದುಳಿನ ಭಾಗವಾದ ಹೈಪೊಥಲಾಮಸ್ ಮುಂದಿನ ಭಾಗಕ್ಕೆ ಅಪ್ಪಣೆ ಕಳಿಸುವುದು ರಕ್ತದ ಮೂಲಕ. ಹಿಂದಿನ ಭಾಗಕ್ಕೆ ಅದರ ನರತಂತುಗಳೇ ತೊಟ್ಟಿನೊಳಗಿಂದ ಇಳಿದು ಬರುತ್ತವೆ. ಆಕ್ಸಿಟೋಸಿನ್ ಹಾರ್ಮೋನನ್ನು ತಯಾರಿಸುವುದು ಪಿಟ್ಯುಟರಿ ಎಂದು ಉತ್ತರ ಬರೆಯುವವರಿಗೆ ಕೊಯ್ದ ತೊಟ್ಟಿನ ಎರಡೂ ತುದಿ ಜೋಡಿಸಿ ತೋರಿಸುತ್ತೇನೆ: ತಯಾರಿ ಮೇಲೆ, ದಾಸ್ತಾನು ಕೆಳಗೆ.