ಫುಟ್‌ಬಾಲ್ ದಾಖಲೆಗಳ ಕ್ವಿಜ್: ನಾನು ಪ್ರಶ್ನೆ ಕಟ್ಟುವ ಬಗೆ

ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರು ಯಾರು? ಮೈಸೂರಿನ ಯಾವ ಕಾಲೇಜಿನ ಕ್ವಿಜ್‌ನಲ್ಲಿ ಇದನ್ನು ಕೇಳಿದರೂ ಉತ್ತರ ತಕ್ಷಣ ಬರುತ್ತದೆ: ಜರ್ಮನಿಯ ಮಿರೊಸ್ಲಾವ್ ಕ್ಲೋಸೆ, 16 ಗೋಲು. ಆದರೆ ಮಹಿಳಾ ಫುಟ್‌ಬಾಲ್ ನೋಡುವವರು ಒಬ್ಬರಾದರೂ ಸಭೆಯಲ್ಲಿದ್ದರೆ ಅಲ್ಲಿಗೆ ಆಟ ನಿಂತಿತು. ಬ್ರೆಜಿಲ್‌ನ ಮಾರ್ತಾ 2003ರಿಂದ 2019ರವರೆಗಿನ ಐದು ವಿಶ್ವಕಪ್‌ಗಳಲ್ಲಿ 17 ಗೋಲು ಹೊಡೆದಿದ್ದಾರೆ. ಎರಡೂ ತಂಡಕ್ಕೆ ಅಂಕ ಕೊಡದೆ ಬೇರೆ ದಾರಿ ಇರುವುದಿಲ್ಲ.

ಹಾಗಾಗಿ ದಾಖಲೆಯ ಪ್ರಶ್ನೆ ಬರೆಯಲು ಕೂತಾಗ ಉತ್ತರಕ್ಕಿಂತ ಮೊದಲು ಗಡಿ ಗೀಚಿಕೊಳ್ಳುತ್ತೇನೆ. ಪುರುಷರದೋ ಮಹಿಳೆಯರದೋ, ಮುಖ್ಯ ಟೂರ್ನಿಯೋ ಅರ್ಹತಾ ಸುತ್ತೋ, ಯಾವ ವರ್ಷದವರೆಗಿನ ಲೆಕ್ಕ, ಯಾರ ಲೆಕ್ಕ. ಈ ನಾಲ್ಕೂ ಪ್ರಶ್ನೆಯ ವಾಕ್ಯದೊಳಗೇ ಇರಬೇಕು. ಕ್ವಿಜ್ ಮಾಸ್ಟರ್ ಬಾಯಲ್ಲಿ ಆಮೇಲೆ ಸೇರಿಸುವ ವಿವರಣೆಗೆ ಬೆಲೆಯಿಲ್ಲ, ಅಷ್ಟರಲ್ಲಿ ಒಂದು ತಂಡ ಉತ್ತರ ಕೂಗಿಯಾಗಿರುತ್ತದೆ. 'ವಿಶ್ವಕಪ್ ಪಂದ್ಯವೊಂದರಲ್ಲಿ ಒಬ್ಬರೇ ಹೊಡೆದ ಅತಿ ಹೆಚ್ಚು ಗೋಲು' ಎಂದಷ್ಟೇ ಕೇಳಿದರೆ ಒಬ್ಬರು ರಷ್ಯಾದ ಒಲೆಗ್ ಸಾಲೆಂಕೊ, 5 ಎನ್ನುತ್ತಾರೆ. ಇನ್ನೊಬ್ಬರು ಆಸ್ಟ್ರೇಲಿಯಾದ ಆರ್ಚಿ ಥಾಂಪ್ಸನ್, 13 ಎನ್ನುತ್ತಾರೆ. ಎರಡನೆಯದು 2001ರ ಏಪ್ರಿಲ್ 11ರಂದು ಅಮೆರಿಕನ್ ಸಮೋವಾ ವಿರುದ್ಧ ನಡೆದ ಅರ್ಹತಾ ಪಂದ್ಯ. ಅದೂ ವಿಶ್ವಕಪ್‌ನದೇ ಪಂದ್ಯ ಎಂದು ವಾದಿಸುವವರನ್ನು ಸುಮ್ಮನಿರಿಸುವುದು ಕಷ್ಟ. ಮಹಿಳೆಯರ ಮುಖ್ಯ ಟೂರ್ನಿಯಲ್ಲೂ 1991ರಲ್ಲಿ ಮಿಷೆಲ್ ಏಕರ್ಸ್, 2019ರಲ್ಲಿ ಅಲೆಕ್ಸ್ ಮಾರ್ಗನ್ ಒಂದೇ ಪಂದ್ಯದಲ್ಲಿ 5 ಗೋಲು ಹೊಡೆದಿದ್ದಾರೆ. 'ಪುರುಷರ ವಿಶ್ವಕಪ್‌ನ ಮುಖ್ಯ ಟೂರ್ನಿಯಲ್ಲಿ, 2022ರ ಟೂರ್ನಿ ಮುಗಿಯುವವರೆಗೆ' ಎಂಬ ಪೀಠಿಕೆ ಉದ್ದವಾಯಿತು ಎನಿಸಬಹುದು. ಇರಲಿ. ಹೊಸ ಟೂರ್ನಿ ಮುಗಿದಾಗ ಯಾವ ಪ್ರಶ್ನೆ ಮತ್ತೆ ನೋಡಬೇಕು ಎಂಬುದೂ ಆ ವರ್ಷದಿಂದಲೇ ಗೊತ್ತಾಗುತ್ತದೆ.

ಸಾಲೆಂಕೊ ಪಂದ್ಯವನ್ನು ನಾನು ಸಂಖ್ಯೆಯಾಗಿ ಕೇಳುವುದಿಲ್ಲ. 'ಪುರುಷರ ವಿಶ್ವಕಪ್‌ನ ಒಂದು ಪಂದ್ಯ. ಗೆದ್ದ ತಂಡದ ಒಬ್ಬನೇ 5 ಗೋಲು ಹೊಡೆದ. ಸೋತ ತಂಡದ ಏಕೈಕ ಗೋಲು 42 ವರ್ಷದವನದು. ಎರಡೂ ತಂಡ ಗುಂಪು ಹಂತದಲ್ಲೇ ಹೊರಬಿದ್ದವು. ಯಾವ ತಂಡಗಳು?' 42 ಎಂಬ ವಯಸ್ಸು ಕೇಳಿದೊಡನೆ ರೋಜರ್ ಮಿಲ್ಲಾ ಹೊಳೆಯುತ್ತಾನೆ, ಅಲ್ಲಿಂದ ಕ್ಯಾಮರೂನ್, ಅಲ್ಲಿಂದ 1994. ರಷ್ಯಾ 6-1. ಗೊತ್ತಿಲ್ಲದವರೂ ಗೊತ್ತಿರುವುದನ್ನು ಹಿಡಿದು ಉತ್ತರಕ್ಕೆ ನಡೆದುಹೋಗಬಹುದು. ಕ್ವಿಜ್‌ನಲ್ಲಿ ಇಂಥವು ಮೂರನೇ ಎರಡು ಭಾಗವಾದರೂ ಇರಬೇಕು ಎಂಬುದು ನನ್ನ ಲೆಕ್ಕ. ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಎನ್ನುವ ಪ್ರಶ್ನೆ ಸಭೆಗೂ ಬೇಸರ. 1958ರಲ್ಲಿ ಜಸ್ಟ್ ಫಾಂಟೇನ್ 6 ಪಂದ್ಯಗಳಲ್ಲಿ 13 ಗೋಲು ಹೊಡೆದದ್ದು ಎಲ್ಲ ಸಾಮಾನ್ಯಜ್ಞಾನ ಪುಸ್ತಕಗಳಲ್ಲೂ ಇದೆ. ಆ ಟೂರ್ನಿಯನ್ನು ಆತ ತಂಡದ ಇನ್ನೊಬ್ಬನ ಬೂಟು ಎರವಲು ಪಡೆದು ಆಡಿದ ಎಂಬುದರಿಂದ ಪ್ರಶ್ನೆ ಶುರು ಮಾಡಿದರೆ ಕೂತವರು ಕಿವಿ ನೆಟ್ಟಗೆ ಮಾಡುತ್ತಾರೆ.

ಸಾಲೆಂಕೊ ಪಂದ್ಯದಲ್ಲಿ ದಿನಾಂಕದ ಕಾಟವೂ ಇದೆ. ಪಂದ್ಯ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಜೂನ್ 28ರ ಮಧ್ಯಾಹ್ನ. ನಮ್ಮಲ್ಲಿ ಆಗ 29ರ ನಸುಕು. ದಿನಾಂಕ ಬಳಸುವುದಾದರೆ ಪಂದ್ಯ ನಡೆದ ಊರಿನ ದಿನಾಂಕವೇ ಲೆಕ್ಕಕ್ಕೆ ಎಂದು ನಿಯಮ ಓದುವಾಗಲೇ ಹೇಳಿಬಿಡಬೇಕು. ಅಮೆರಿಕ ಖಂಡಗಳಲ್ಲಿ ನಡೆದ ಎಲ್ಲ ಟೂರ್ನಿಗೂ ಇದು ಅನ್ವಯ.

'ಹಿರಿಯ', 'ಮೊದಲ', 'ವೇಗದ' ಎಂಬ ಮೂರು ಮಾತುಗಳ ಹತ್ತಿರ ಬಂದಾಗ ಪೆನ್ನು ನಿಧಾನ ಮಾಡುತ್ತೇನೆ. ಮಿಲ್ಲಾ ಗೋಲು ಹೊಡೆದವರಲ್ಲಿ ಹಿರಿಯ, ಆಡಿದವರಲ್ಲಲ್ಲ. 2018ರಲ್ಲಿ ಸೌದಿ ಅರೇಬಿಯಾ ವಿರುದ್ಧ ಈಜಿಪ್ಟ್‌ನ ಗೋಲ್‌ಕೀಪರ್ ಎಸ್ಸಾಂ ಎಲ್ ಹದರಿ ಕಣಕ್ಕಿಳಿದಾಗ ವಯಸ್ಸು 45 ದಾಟಿತ್ತು, ಅದೇ ಪಂದ್ಯದಲ್ಲಿ ಒಂದು ಪೆನಾಲ್ಟಿಯನ್ನೂ ತಡೆದ. 'ಮೊದಲ' ಇನ್ನೂ ಮೋಸದ್ದು. ವಿಶ್ವಕಪ್‌ಗೆ ಹಳದಿ, ಕೆಂಪು ಕಾರ್ಡ್ ಬಂದದ್ದು 1970ರಲ್ಲಿ. ಆ ಸಲ ಯಾರಿಗೂ ಕೆಂಪು ತೋರಿಸಲಿಲ್ಲ. 1974ರಲ್ಲಿ ಚಿಲಿಯ ಕಾರ್ಲೋಸ್ ಕಾಸೆಲಿಗೆ ಮೊದಲ ಕೆಂಪು ಕಾರ್ಡ್. ಆದರೆ ರೆಫರಿ ಆಟಗಾರನನ್ನು ಹೊರಗಟ್ಟುವುದು 1930ರಿಂದಲೇ ಇದೆ. ಆಗ ಹೊರನಡೆದ ಪೆರುವಿನ ಆಟಗಾರ ಯಾರು ಎಂಬುದರಲ್ಲಿ ಬರಹಗಳೇ ಎರಡು ಹೆಸರು ಹೇಳುತ್ತವೆ. ಹಾಗಾಗಿ 'ಕೆಂಪು ಕಾರ್ಡ್ ಕಂಡ ಮೊದಲಿಗ' ಎಂದು ಕೇಳುವುದುಂಟು, 'ಹೊರಹೋದ ಮೊದಲಿಗ' ಎಂದು ಕೇಳುವುದಿಲ್ಲ. 2002ರಲ್ಲಿ ಅರ್ಜೆಂಟಿನಾದ ಕ್ಲಾಡಿಯೊ ಕನೀಜಿಯಾ ಬೆಂಚಿನ ಮೇಲೆ ಕೂತಲ್ಲೇ ಕೆಂಪು ಕಾರ್ಡ್ ಪಡೆದ. ಸ್ವೀಡನ್ ವಿರುದ್ಧದ ಆ ಪಂದ್ಯದಲ್ಲಿ ಒಂದು ನಿಮಿಷವೂ ಆಡಿರಲಿಲ್ಲ. ಇದನ್ನು ಕೊನೆಯ ಸುತ್ತಿಗೆ ಎತ್ತಿಡುವುದು ಲೇಸು, ನಗು ಗ್ಯಾರಂಟಿ.

ಹಳೆಯ ದಾಖಲೆ ಇದ್ದಲ್ಲೇ ಇರುತ್ತದೆ ಎಂದು ನಂಬಬಾರದು. ವಿಶ್ವಕಪ್‌ನ ಮೊದಲ ಹ್ಯಾಟ್ರಿಕ್ ಅರ್ಜೆಂಟಿನಾದ ಗಿಯೆರ್ಮೊ ಸ್ಟಾಬಿಲೆಯದು ಎಂದೇ ದಶಕಗಳ ಕಾಲ ಪುಸ್ತಕಗಳು ಹೇಳಿದವು. ಅದಕ್ಕೂ ಎರಡು ದಿನ ಮುಂಚೆ, 1930ರ ಜುಲೈ 17ರಂದು, ಅಮೆರಿಕದ ಬರ್ಟ್ ಪೇಟನಾಡ್ ಪರಾಗ್ವೆ ವಿರುದ್ಧ ಮೂರು ಹೊಡೆದಿದ್ದ ಎಂದು ಫಿಫಾ ಒಪ್ಪಿಕೊಂಡದ್ದು 2006ರಲ್ಲಿ. ಗ್ರಂಥಾಲಯದ ಹಳೆಯ ವರ್ಷಪುಸ್ತಕ ನೋಡಿ ಪ್ರಶ್ನೆ ಬರೆಯುವವರು ಬೀಳುವುದು ಇಲ್ಲೇ. ದಾಖಲೆಯ ಪಟ್ಟಿಯನ್ನು ಮಾತ್ರ ನೆಚ್ಚದೆ ಆ ಪಂದ್ಯದ ವರದಿಯನ್ನೂ ತೆಗೆದು ನೋಡುತ್ತೇನೆ: ಗೋಲಿನ ನಿಮಿಷ, ಬದಲಿ ಆಟಗಾರರು, ಕಾರ್ಡ್‌ಗಳು. ಪಟ್ಟಿಗೂ ವರದಿಗೂ ತಾಳೆಯಾಗದಿದ್ದರೆ ಸಂಖ್ಯೆ ಕೇಳುವುದನ್ನು ಬಿಟ್ಟು ಘಟನೆ ಕೇಳಬೇಕು.

ಅದಕ್ಕೆ ಒಳ್ಳೆಯ ಉದಾಹರಣೆ 2022ರ ಅರ್ಜೆಂಟಿನಾ-ನೆದರ್‌ಲ್ಯಾಂಡ್ಸ್ ಕ್ವಾರ್ಟರ್ ಫೈನಲ್. ಹಳದಿ ಕಾರ್ಡ್ ಎಷ್ಟು ಎಂದರೆ ಒಂದು ಕಡೆ 17, ಇನ್ನೊಂದು ಕಡೆ 18. ಬೆಂಚಿನಲ್ಲಿದ್ದ ತರಬೇತುದಾರರಿಗೂ ಕಾರ್ಡ್ ಬಿದ್ದಿದೆ, ಪೆನಾಲ್ಟಿ ಶೂಟೌಟ್ ಮುಗಿದ ಮೇಲೂ ಬಿದ್ದಿದೆ. ಯಾವುದನ್ನು ಸೇರಿಸುತ್ತೀರಿ ಎಂಬುದರ ಮೇಲೆ ಮೊತ್ತ ಏರಿಳಿಯುತ್ತದೆ. ಅದರ ಬದಲು 2006ರ ಪೋರ್ಚುಗಲ್-ನೆದರ್‌ಲ್ಯಾಂಡ್ಸ್ ಪಂದ್ಯ ತೆಗೆದುಕೊಳ್ಳಬಹುದು: 16 ಹಳದಿ, 4 ಕೆಂಪು, ನಾಲ್ವರೂ ಎರಡನೆಯ ಹಳದಿಯಿಂದ ಹೊರಹೋದವರು. ಅದಕ್ಕಿಂತಲೂ ನನಗೆ ಇಷ್ಟ ಅದೇ ಟೂರ್ನಿಯ ಕ್ರೊಯೇಷಿಯಾ-ಆಸ್ಟ್ರೇಲಿಯಾ. ರೆಫರಿ ಗ್ರಹಾಂ ಪೋಲ್ ಕ್ರೊಯೇಷಿಯಾದ ಯೋಸಿಪ್ ಶಿಮುನಿಚ್‌ಗೆ ಮೂರು ಸಲ ಹಳದಿ ತೋರಿಸಿದ ಮೇಲೆ ಕೆಂಪು ತೆಗೆದ. ನಡುವೆ ಒಂದನ್ನು ಆಸ್ಟ್ರೇಲಿಯಾದ 3ನೇ ನಂಬರ್ ಆಟಗಾರನ ಹೆಸರಿಗೆ ಬರೆದುಕೊಂಡಿದ್ದ. ಶಿಮುನಿಚ್‌ನ ಅಂಗಿಯೂ 3ನೇ ನಂಬರು, ಆತ ಹುಟ್ಟಿದ್ದೂ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. ಇದನ್ನು ಮೂರು ಸುಳಿವಾಗಿ ಒಡೆಯಬಹುದು: ಮೊದಲು ನಂಬರು, ಆಮೇಲೆ ಹುಟ್ಟೂರು, ಕೊನೆಗೆ ರೆಫರಿ. ಮೊದಲ ಸುಳಿವಿಗೇ ಹೇಳಿದರೆ 15, ಎರಡನೆಯದಕ್ಕೆ 10, ಮೂರನೆಯದಕ್ಕೆ 5.

ಸೆಕೆಂಡುಗಳ ಲೆಕ್ಕದಲ್ಲಿ ಸಡಿಲ ಬಿಡಲೇಬೇಕು. 2002ರ ಮೂರನೇ ಸ್ಥಾನದ ಪಂದ್ಯದಲ್ಲಿ ಟರ್ಕಿಯ ಹಾಕಾನ್ ಶುಕುರ್ ಹೊಡೆದ ಗೋಲಿಗೆ 10.8 ಎಂದೂ 11 ಎಂದೂ ಬರೆಯುತ್ತಾರೆ. ಉತ್ತರಪತ್ರದಲ್ಲಿ '10ರಿಂದ 12 ಸರಿ' ಎಂದು ಮೊದಲೇ ಬರೆದಿಟ್ಟರೆ ವೇದಿಕೆಯ ಮೇಲೆ ತಕರಾರಿಲ್ಲ. ಪ್ರಶ್ನೆಯ ಸ್ವಾರಸ್ಯ ಮಾತ್ರ ಬೇರೆ ಕಡೆ ಇದೆ: ಚೆಂಡು ಮೊದಲು ಮುಟ್ಟಿದ್ದು ಎದುರಾಳಿ ದಕ್ಷಿಣ ಕೊರಿಯಾ. ಅವರ ಕಿಕ್ ಆಫ್‌ನಿಂದ ಚೆಂಡು ಕಸಿದು ಗೋಲು. ಯುರೊ ಟೂರ್ನಿಯಲ್ಲಿ ಇಂಥದ್ದೇ ದಾಖಲೆ 2024ರಲ್ಲಿ ಇಟಲಿ ವಿರುದ್ಧ ಅಲ್ಬೇನಿಯಾದ ನೆಡಿಮ್ ಬಜ್ರಾಮಿಯದು, 23 ಸೆಕೆಂಡು; ಪಂದ್ಯ ಗೆದ್ದದ್ದು ಇಟಲಿ.

ಜೋಡಿ ಪ್ರಶ್ನೆಗಳು ಚೆನ್ನಾಗಿ ಕೆಲಸ ಮಾಡುತ್ತವೆ. 2006ರಲ್ಲಿ ಸ್ವಿಟ್ಜರ್ಲೆಂಡ್ ಒಂದೂ ಗೋಲು ಬಿಟ್ಟುಕೊಡದೆ ಹೊರಬಿತ್ತು. 2010ರಲ್ಲಿ ನ್ಯೂಜಿಲೆಂಡ್ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಆ ಟೂರ್ನಿಯಲ್ಲಿ ಸೋಲನ್ನೇ ಕಾಣದ ಏಕೈಕ ತಂಡವಾಗಿ, ಮನೆಗೆ ಹೋಯಿತು. ಕಪ್ ಗೆದ್ದ ಸ್ಪೇನ್ ಕೂಡ ಸ್ವಿಟ್ಜರ್ಲೆಂಡ್‌ಗೆ ಸೋತಿತ್ತು. ಮೊದಲನೆಯದನ್ನು ಬರೆಯುವಾಗ 'ಹೆಚ್ಚುವರಿ ಸಮಯವೂ ಸೇರಿ ಆಟದ ಅವಧಿಯಲ್ಲಿ' ಎಂಬ ಮಾತು ಬೇಕೇ ಬೇಕು. ಇಲ್ಲವಾದರೆ ಹಿಂದಿನ ಸಾಲಿನಿಂದ ಒಬ್ಬರು ಏಳುತ್ತಾರೆ: 'ಸಾರ್, ಉಕ್ರೇನ್ ಶೂಟೌಟ್‌ನಲ್ಲಿ ಮೂರು ಹೊಡೀತಲ್ಲ?' ಶೂಟೌಟ್‌ನ ಗೋಲು ಪಂದ್ಯದ ಗೋಲಲ್ಲ. ಆಟಗಾರನ ಖಾತೆಗೂ ಸೇರುವುದಿಲ್ಲ.

ಎರಡು ದೇಶದ ಪರ ಆಡಿದವರದು ಇನ್ನೊಂದು ಗುಂಪು. ಲೂಯಿಸ್ ಮೊಂಟಿ 1930ರ ಫೈನಲ್ ಅರ್ಜೆಂಟಿನಾಕ್ಕೆ, 1934ರದು ಇಟಲಿಗೆ ಆಡಿದ. ರೊಬೆರ್ಟ್ ಪ್ರೊಸಿನೆಚ್ಕಿ 1990ರಲ್ಲಿ ಯುಗೊಸ್ಲಾವಿಯಾಕ್ಕೆ, 1998ರಲ್ಲಿ ಕ್ರೊಯೇಷಿಯಾಕ್ಕೆ ಗೋಲು ಹೊಡೆದ. ಒಂದೇ ಪಂದ್ಯದಲ್ಲಿ ಎರಡೂ ತಂಡಕ್ಕೆ ಗೋಲು ಎಂದರೆ 1978ರ ಎರ್ನಿ ಬ್ರಾಂಟ್ಸ್ ಮತ್ತು 2018ರ ಫೈನಲ್‌ನ ಮಾರಿಯೊ ಮಾಂಜುಕಿಚ್. ಇಲ್ಲಿ 'ಫೈನಲ್‌ನಲ್ಲಿ' ಎಂಬ ಮಾತು ಬಿಟ್ಟರೆ ಎರಡು ಉತ್ತರ. ತರಬೇತುದಾರರಲ್ಲಿ ಬೋರಾ ಮಿಲುಟಿನೋವಿಚ್ ಸಿಕ್ಕಾಪಟ್ಟೆ ಉಪಯೋಗಕ್ಕೆ ಬರುತ್ತಾನೆ. 1986ರಿಂದ 2002ರವರೆಗೆ ಸತತ ಐದು ವಿಶ್ವಕಪ್, ಐದು ದೇಶ: ಮೆಕ್ಸಿಕೊ, ಕೋಸ್ಟರಿಕಾ, ಅಮೆರಿಕ, ನೈಜೀರಿಯಾ, ಚೀನಾ. ಐದೂ ಬಾವುಟ ತೋರಿಸಿ, ಗುಂಪು ಹಂತ ದಾಟದ ಒಂದೇ ತಂಡ ಯಾವುದು ಎಂದು ಕೇಳಿದರೆ ಊಹಿಸಿಯಾದರೂ ಚೀನಾ ಎನ್ನುತ್ತಾರೆ. ಆಗ ಈ ಐದನ್ನೂ ಕೂಡಿಸುವ ಮನುಷ್ಯ ಯಾರು ಎಂಬುದು ಎರಡನೆಯ ಭಾಗ.

ಭಾರತದ ಪ್ರಶ್ನೆ ಇಲ್ಲದೆ ಇಲ್ಲಿ ಕ್ವಿಜ್ ಮುಗಿಯುವುದಿಲ್ಲ, ಮಂಡ್ಯದ ಕಾಲೇಜುಗಳಲ್ಲಂತೂ ಮೊದಲು ಬರುವ ಬೇಡಿಕೆ ಅದೇ. '1950ರ ವಿಶ್ವಕಪ್‌ಗೆ ಭಾರತ ಏಕೆ ಹೋಗಲಿಲ್ಲ' ಎಂಬುದನ್ನು ನಾನು ಕೇಳುವುದಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ; ಫೆಡರೇಷನ್ ಆಗ ಹೇಳಿದ್ದು ತಂಡದ ಆಯ್ಕೆಯ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯವಿಲ್ಲ ಎಂದು. 'ಏಕೆ' ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಬದಲಿಗೆ 1948ರ ಲಂಡನ್ ಒಲಿಂಪಿಕ್ಸ್: ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ಫ್ರಾನ್ಸ್ ಎದುರು ಎರಡು ಪೆನಾಲ್ಟಿ ಕಳೆದುಕೊಂಡು 1-2ರಿಂದ ಸೋತಿತು, ಗೋಲು ಎಸ್. ರಾಮನ್ ಅವರದು. 1956ರ ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ನೆವಿಲ್ ಡಿಸೋಜಾ ಹ್ಯಾಟ್ರಿಕ್, ಭಾರತಕ್ಕೆ ನಾಲ್ಕನೇ ಸ್ಥಾನ. ಅಂತರರಾಷ್ಟ್ರೀಯ ಟೂರ್ನಿ ಅಲ್ಲದಿದ್ದರೂ ಒಂದು ಪ್ರಶ್ನೆ ಊರಿಗಾಗಿ ಸೇರಿಸುತ್ತೇನೆ: 'ಈ ರಾಜ್ಯ ಸಂತೋಷ್ ಟ್ರೋಫಿ ಗೆದ್ದು ಮತ್ತೆ ಗೆಲ್ಲುವ ಹೊತ್ತಿಗೆ 54 ವರ್ಷ ಕಳೆದಿತ್ತು, ರಾಜ್ಯದ ಹೆಸರೂ ಬದಲಾಗಿತ್ತು, ಫೈನಲ್ ಪರದೇಶದಲ್ಲಿತ್ತು.' 1968-69ರಲ್ಲಿ ಮೈಸೂರು, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದ ಕರ್ನಾಟಕ.

ಸಭೆಯಲ್ಲಿ ಎರಡು ಪೀಳಿಗೆ ಇರುತ್ತದೆ. ರಾತ್ರಿಯೆಲ್ಲ ಕೂತು ಇಂಗ್ಲಿಷ್ ಲೀಗ್ ನೋಡುವ ಹುಡುಗರಿಗೆ ಕಳೆದ ಹತ್ತು ವರ್ಷ ಬಾಯಿಪಾಠ; ದೂರದರ್ಶನದಲ್ಲಿ 1986, 1990 ನೋಡಿದ ಮೇಷ್ಟ್ರುಗಳಿಗೆ ಆ ಎರಡು ಟೂರ್ನಿ ಕಣ್ಣಮುಂದೆ. 24 ಪ್ರಶ್ನೆಯ ಫೈನಲ್‌ನಲ್ಲಿ 1970ಕ್ಕಿಂತ ಹಿಂದಿನವು 6, 1970ರಿಂದ 1998ರವರೆಗಿನವು 8, ಆಮೇಲಿನವು 10. ಆರು ತಂಡ, ತಂಡಕ್ಕೆ ಇಬ್ಬರು. ತಂಡಕ್ಕೊಂದು ನೇರ ಪ್ರಶ್ನೆ ಎಂದಿಟ್ಟರೆ 'ಅವರಿಗೆ ಸುಲಭದ್ದು ಬಂತು' ಎಂಬ ದೂರು ತಪ್ಪದು. ಉತ್ತರ ಹೇಳಿದ ತಂಡದ ಪಕ್ಕದ ತಂಡದಿಂದ ಮುಂದಿನ ಪ್ರಶ್ನೆ ಶುರು, 12 ಪ್ರಶ್ನೆಯ ನಂತರ ದಿಕ್ಕು ತಿರುಗುಮುರುಗು. ಇದು ಹೆಚ್ಚು ನ್ಯಾಯ.

ಹೆಸರಿನ ವಿಷಯದಲ್ಲಿ ಉದಾರವಾಗಿರಬೇಕು. ಶುಕುರ್ ಅನ್ನಲಿ ಸುಕುರ್ ಅನ್ನಲಿ, ಮನುಷ್ಯ ಅವನೇ ಆದರೆ ಅಂಕ ಕೊಡಿ. ಕುಲನಾಮ ಸಾಕು, ಗೊಂದಲ ಇರುವ ಕಡೆ ಬಿಟ್ಟು. 15 ಗೋಲಿನ ರೊನಾಲ್ಡೊ ಬ್ರೆಜಿಲ್‌ನವನು; ಐದು ಪುರುಷರ ವಿಶ್ವಕಪ್‌ಗಳಲ್ಲಿ ಗೋಲು ಹೊಡೆದ ಮೊದಲಿಗ ಪೋರ್ಚುಗಲ್‌ನವನು. 14 ಗೋಲಿನ ಮುಲ್ಲರ್ ಗೆರ್ಡ್, 10 ಗೋಲಿನವನು ಥಾಮಸ್. ಇಂಥ ಪ್ರಶ್ನೆಗಳ ಪಕ್ಕ 'ಪೂರ್ಣ ಹೆಸರು ಕೇಳು' ಎಂದು ಕೆಂಪು ಶಾಯಿಯಲ್ಲಿ ಬರೆದಿಡುತ್ತೇನೆ.

ಸ್ಲೈಡ್ ಯೂನಿಕೋಡ್‌ನಲ್ಲೇ ಇರಲಿ. ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಸವಾಗಿ ತೆರೆದುಕೊಳ್ಳುತ್ತದೆ. ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿ, ಮುದ್ರಿತ ಪ್ರತಿಯೊಂದು ಕೈಯಲ್ಲಿ. ಕರೆಂಟು ಹೋದರೂ ಓದಿ ಮುಂದುವರಿಸಬಹುದು. ಕಿಟಕಿಗೆ ಪರದೆ ಇಲ್ಲದ ಹಾಲ್‌ನಲ್ಲಿ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರವೇ ಕಾಣುವುದು.

ಸಮ ಬಂದಾಗ ಹತ್ತಿರದ ಸಂಖ್ಯೆಯ ಪ್ರಶ್ನೆ. ಎರಡೂ ತಂಡ ಚೀಟಿಯಲ್ಲಿ ಬರೆದು, 30 ಸೆಕೆಂಡಿಗೆ ಒಟ್ಟಿಗೆ ಎತ್ತಬೇಕು. ನನ್ನ ಮೊದಲ ಆಯ್ಕೆ: 1950ರ ಜುಲೈ 16ರಂದು ಮರಕಾನಾದಲ್ಲಿ ಬ್ರೆಜಿಲ್-ಉರುಗ್ವೆ ಪಂದ್ಯಕ್ಕೆ ಟಿಕೆಟ್ ಕೊಂಡು ಬಂದವರ ಅಧಿಕೃತ ಲೆಕ್ಕ ಎಷ್ಟು? 1,73,850. ಇದನ್ನು 'ಫೈನಲ್' ಎಂದು ಓದಬಾರದು. ಆ ಸಲ ಫೈನಲ್ ಇರಲಿಲ್ಲ, ನಾಲ್ಕು ತಂಡಗಳ ಅಂತಿಮ ಗುಂಪಿನ ಕೊನೆಯ ಪಂದ್ಯ ಅದು. ಮತ್ತೂ ಸಮ ಬಂದರೆ ಆಸ್ಟ್ರೇಲಿಯಾ ಅಮೆರಿಕನ್ ಸಮೋವಾಕ್ಕೆ ಹೊಡೆದ ಗೋಲು ಎಷ್ಟು ಎಂಬುದು. ಮೈದಾನದ ಸ್ಕೋರ್‌ಬೋರ್ಡ್ ಆ ದಿನ 32 ತೋರಿಸಿತ್ತು, ಅಧಿಕೃತ ಲೆಕ್ಕ 31. ಒಂದು ತಂಡ 32, ಇನ್ನೊಂದು 30 ಬರೆದರೆ ಎರಡೂ ಒಂದೇ ದೂರ, ಹಾಗಾಗಿ ಮೂರನೆಯ ಪ್ರಶ್ನೆಯೊಂದು ಜೇಬಿನಲ್ಲಿರಬೇಕು: ವಿಶ್ವಕಪ್‌ನ ಮುಖ್ಯ ಟೂರ್ನಿಯ ಒಂದೇ ಪಂದ್ಯದಲ್ಲಿ 12 ಗೋಲು ಬಿದ್ದದ್ದು ಯಾವ ವರ್ಷ? 1954, ಆಸ್ಟ್ರಿಯಾ 7, ಸ್ವಿಟ್ಜರ್ಲೆಂಡ್ 5.