ಬೆಂಡು ದೋಣಿ ಹತ್ತಿದ ಬಗೆ

ಕಳೆದ ವರ್ಷ ಜೂನ್ ಮೊದಲ ವಾರದಲ್ಲಿ ದೋಣಿಯನ್ನು ದಡಕ್ಕೆಳೆದು, ಬೋರಲು ಹಾಕಿ, ಮೇಲೆ ತೆಂಗಿನ ಗರಿಯನ್ನೂ ತಾಡಪಾಲನ್ನೂ ಹೊದಿಸಿದ ಮರುದಿನವೇ ನಮ್ಮ ಮನೆಗೆ ನಾಯಿಮರಿ ಬಂದಿತು. ಗೋವಾದ ಕುಟ್ಬಣ ಮೀನುಗಾರಿಕೆ ಜೆಟ್ಟಿಯ ಮೂಲೆಯಲ್ಲಿ ರಾಶಿ ಹಾಕಿದ್ದ ಹಳೆಯ ಬಲೆಗಳ ಅಡಿಯಲ್ಲಿ ಬೀದಿನಾಯಿಯೊಂದು ನಾಲ್ಕು ಮರಿ ಹಾಕಿತ್ತು. ಅವುಗಳಲ್ಲಿ ಕಂದು ಬಣ್ಣದ, ಒಂದು ಕಿವಿ ನಿಂತ, ಇನ್ನೊಂದು ಕಿವಿ ಮಡಚಿದ ಮರಿಯನ್ನು ಟ್ರಾಲರಿನಲ್ಲಿ ಕೆಲಸ ಮಾಡುವ ಹಾವೇರಿಯ ಹುಡುಗನೊಬ್ಬ ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದು, "ಅಣ್ಣಾರ, ನಾ ಊರಿಗೆ ಹೊಂಟೇನ್ರಿ, ಇದನ್ನ ನೀವ ಇಟ್ಕೋರಿ" ಎಂದು ಅಂಗಳದಲ್ಲಿ ಬಿಟ್ಟು ಹೋದನು. ಆಗ ಅದಕ್ಕೆ ಏಳು ವಾರ ತುಂಬಿತ್ತು.

ನಮ್ಮೂರು ಕುಮಟಾ ತಾಲ್ಲೂಕಿನ ಅಘನಾಶಿನಿಯ ದಡ. ಅಪ್ಪ ಹೊಳೆಯಲ್ಲಿ ಬೀಸುಬಲೆ ಹಾಕುತ್ತಿದ್ದರು, ಅಮ್ಮ ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಳು. ನಾನು ದಕ್ಷಿಣ ಗೋವಾದ ಬೇತುಲಿಗೆ ಬಂದು 19 ವರ್ಷಗಳಾದವು. ಹಗಲು ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್‌ಗಳ ರಿಪೇರಿ, ಬೆಳಗಿನ ಜಾವ ಸಾಳ ನದಿಯಲ್ಲಿ ಕಂತುಬಲೆ (ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಬಲೆ), ಇದು ನನ್ನ ದಿನಚರಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಸಣ್ಣ ಎಂಜಿನ್ನಿನ ಕಂತುಬಲೆ ದೋಣಿಗಳಿಗೆ ಗೋವಾದಲ್ಲಿ ವಿನಾಯಿತಿ ಇದ್ದರೂ ಮಳೆಗಾಲದಲ್ಲಿ ಬೇತುಲಿನ ಅಳಿವೆಯ, ಅಂದರೆ ಹೊಳೆ ಕಡಲು ಸೇರುವ ಬಾಯಿಯ ಕಡೆ ನಾನು ಮುಖ ಹಾಕುವವನಲ್ಲ. ಹೀಗೆ ಮರಿಗೂ ನನಗೂ ಎರಡು ತಿಂಗಳ ಬಿಡುವು ತಾನಾಗಿಯೇ ಸಿಕ್ಕಿತು. ದೋಣಿಗೆ ನಾಯಿಯನ್ನು ಒಗ್ಗಿಸುವ ಕೆಲಸವೆಂದರೆ ಬಹುಪಾಲು ನೆಲದ ಮೇಲಿನ ಕೆಲಸವೆಂಬುದು ನನಗೆ ಗೊತ್ತಾದದ್ದು ಈ ಬಿಡುವಿನಿಂದಲೇ. ನೀರಿಗಿಳಿದ ಮೇಲೆ ಕಲಿಸಲು ಉಳಿದಿದ್ದು ಸ್ವಲ್ಪವೇ.

ಮೊದಲ ವಾರದಲ್ಲಿ ಅದು ಜಗಲಿಯ ಮೇಲಿದ್ದ ಬಲೆಯ ಮೇಲಂಚಿನಿಂದ, ಬಲೆಯನ್ನು ತೇಲಿಸುವ ಹನ್ನೊಂದು ಬೆಂಡುಗಳನ್ನು ಕಚ್ಚಿ ಕಿತ್ತಿತು. ಹಾಲುಹಲ್ಲಿನ ಮರಿಗೆ ಮೆತ್ತಗಿನ ಬೆಂಡಿಗಿಂತ ಪ್ರಿಯವಾದ ವಸ್ತು ಇನ್ನೊಂದಿಲ್ಲವೆಂದು ಕಾಣುತ್ತದೆ. ಕಚ್ಚಿದರೆ ಒಳಗಿಳಿಯುತ್ತದೆ, ಬಿಟ್ಟರೆ ಉಬ್ಬುತ್ತದೆ, ಜೊತೆಗೆ ಮೀನಿನ ವಾಸನೆ. ಮಗಳು ಅದಕ್ಕೆ ಬೆಂಡು ಎಂದೇ ಹೆಸರಿಟ್ಟಳು. ನಾನು ಬಲೆಯನ್ನು ಎತ್ತಿ ಅಟ್ಟಕ್ಕೆ ಹಾಕಿ, ಹರಿದ ರಂಪಣಿ ಬಲೆಯ ಹಗ್ಗದ ತುಂಡೊಂದಕ್ಕೆ ಮೂರು ಗಂಟು ಹಾಕಿ ಕೊಟ್ಟೆ. ಗಂಟಿಗಿಂತ ನನ್ನ ಚಪ್ಪಲಿ ರುಚಿಯೆಂದು ಅದು ತೀರ್ಮಾನಿಸಿದ್ದು ಬೇರೆ ಮಾತು.

ಮಡಗಾಂವಿನ ಪಶುವೈದ್ಯರು ಮೊದಲ ಭೇಟಿಯಲ್ಲೇ ಒಂದು ವಿಷಯವನ್ನು ಬಿಡಿಸಿ ಹೇಳಿದರು. ಮೂರು-ನಾಲ್ಕು ವಾರಗಳ ಅಂತರದಲ್ಲಿ ಹಾಕುವ ಲಸಿಕೆಗಳ ಸರಣಿ ಮುಗಿಯುವ ತನಕ ಮರಿಯನ್ನು ಜೆಟ್ಟಿಯಲ್ಲಿ ನಡೆಸಬಾರದು. ಬೀದಿನಾಯಿಗಳ ಮಲದಿಂದ ಪಾರ್ವೊ ಎಂಬ ವಾಂತಿಭೇದಿಯ ರೋಗ, ಇಲಿಗಳ ಮೂತ್ರ ಬೆರೆತ ಮಳೆನೀರಿನಿಂದ ಇಲಿಜ್ವರ, ಎರಡಕ್ಕೂ ಮೀನುಪೇಟೆಯಷ್ಟು ಅನುಕೂಲದ ಜಾಗ ಬೇರಿಲ್ಲ. ರೇಬಿಸ್ ಚುಚ್ಚುಮದ್ದು ಮೂರು ತಿಂಗಳು ತುಂಬಿದ ಮೇಲೆ. ಆದರೆ ಮರಿ ಹೊಸ ಸದ್ದು, ಹೊಸ ವಾಸನೆ, ಹೊಸ ಜನಕ್ಕೆ ಅಂಜದೆ ಒಗ್ಗಿಕೊಳ್ಳುವುದೂ ಸರಿಸುಮಾರು ಮೂರರಿಂದ ಹದಿನಾಲ್ಕನೆಯ ವಾರದ ಒಳಗೇ ಎಂದೂ ಅವರೇ ಹೇಳಿದರು. ಹೊರಗೆ ಬಿಡುವಂತಿಲ್ಲ, ಒಳಗೇ ಕೂಡಿಹಾಕುವಂತೆಯೂ ಇಲ್ಲ. ಆದ್ದರಿಂದ ಅದನ್ನು ಮೀನಿನ ಬುಟ್ಟಿಯಲ್ಲಿ ಗೋಣಿ ಹಾಸಿ ಕೂರಿಸಿ, ಸ್ಕೂಟರಿನ ಮುಂದೆ ಇಟ್ಟುಕೊಂಡು, ನೆಲಕ್ಕೆ ಕಾಲಿಡಿಸದೆ ಜೆಟ್ಟಿಯನ್ನೆಲ್ಲ ತೋರಿಸಿದೆ. ಐಸ್ ಪುಡಿ ಮಾಡುವ ಯಂತ್ರ, ಟ್ರಾಲರುಗಳ ಹಾರನ್, ಹರಾಜು ಕೂಗುವ ಹೆಂಗಸರು, ಎಲ್ಲವನ್ನೂ ಅದು ಬುಟ್ಟಿಯ ಅಂಚಿಗೆ ಗಲ್ಲ ಊರಿಕೊಂಡು ನೋಡಿತು.

ಎಂಜಿನ್ನಿನ ಸದ್ದಿಗೆ ಒಗ್ಗಿಸುವುದು ನನ್ನ ಕಸುಬಿನಿಂದಾಗಿ ಸುಲಭವಾಯಿತು. ಔಟ್‌ಬೋರ್ಡನ್ನು ಒಣಗಿನಲ್ಲಿ ಓಡಿಸುವಂತಿಲ್ಲ. ಅದರ ಕೆಳಗಿನ ರಬ್ಬರ್ ಇಂಪೆಲ್ಲರ್ ನೀರನ್ನು ಮೇಲಕ್ಕೆಳೆದು ಎಂಜಿನ್ನನ್ನು ತಂಪಾಗಿಡುತ್ತದೆ, ನೀರಿಲ್ಲದಿದ್ದರೆ ನಿಮಿಷದೊಳಗೆ ಸುಟ್ಟುಹೋಗುತ್ತದೆ. ಅದಕ್ಕಾಗಿ 200 ಲೀಟರಿನ ಡ್ರಮ್ಮಿನಲ್ಲಿ ನೀರು ತುಂಬಿಸಿ, ಅದರ ಅಂಚಿಗೆ ಎಂಜಿನ್ನನ್ನು ತೂಗುಹಾಕಿ ಪರೀಕ್ಷಿಸುತ್ತೇವೆ. ಮಳೆಗಾಲದಲ್ಲಿ ಎಲ್ಲರೂ ಎಂಜಿನ್ ರಿಪೇರಿಗೆ ಕೊಡುವುದರಿಂದ ನನ್ನ ಅಂಗಳದಲ್ಲಿ ದಿನಕ್ಕೆ ಎರಡು ಮೂರು ಬಾರಿ ಈ ಡ್ರಮ್ಮು ಗುಡುಗುತ್ತದೆ. ಮೊದಲ ದಿನ ಬೆಂಡು ಹಿತ್ತಲಿನ ಒಲೆಯ ಹಿಂದೆ ಅಡಗಿತು. ಮರುದಿನದಿಂದ ಹೆಂಡತಿ ಅದನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿ ಕೂರಿಸಿಕೊಂಡು, ಎಂಜಿನ್ ಹೊತ್ತಿದ ಕೂಡಲೆ ಬೇಯಿಸಿದ ತಾರ್ಲೆ ಮೀನಿನ ಚೂರು ಕೊಡತೊಡಗಿದಳು. ಎಂಜಿನ್ ನಿಂತೊಡನೆ ತಾರ್ಲೆಯೂ ನಿಲ್ಲಬೇಕು, ಈ ವಿಷಯದಲ್ಲಿ ಅವಳು ನನಗಿಂತ ಕಟ್ಟುನಿಟ್ಟು. ದಿನಕ್ಕೆ ಒಂದೆರಡು ಹೆಜ್ಜೆ ಹತ್ತಿರವಾಗುತ್ತಾ ಜುಲೈ ಮೊದಲ ವಾರದ ಹೊತ್ತಿಗೆ ಡ್ರಮ್ಮಿನ ಪಕ್ಕದಲ್ಲೇ ಬಾಲ ಅಲ್ಲಾಡಿಸುತ್ತಾ ನಿಲ್ಲುವಂತಾಯಿತು. ಈಗ ಅದಕ್ಕೆ ಎಂಜಿನ್ನಿನ ಸದ್ದೆಂದರೆ ಊಟದ ಗಂಟೆ. ಯಾರದೋ ದೋಣಿ ಹೊಳೆಯಲ್ಲಿ ಹೋದರೂ ಅಡುಗೆಮನೆಗೆ ಓಡುತ್ತದೆ.

ತಾರ್ಲೆಯನ್ನು ಬೇಯಿಸಿಯೇ ಕೊಡಬೇಕೆಂಬುದನ್ನೂ ಹೇಳಬೇಕು. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿರುತ್ತದೆ. ಬೇಯಿಸಿದರೆ ಅದು ಹೋಗುತ್ತದೆ. ಉಪ್ಪು, ಮೆಣಸು, ಹುಣಸೆ ಏನೂ ಇಲ್ಲದೆ ನೀರಿನಲ್ಲಿ ಬೇಯಿಸಿ, ನಡುಮುಳ್ಳು ತೆಗೆದು, ಅನ್ನದ ಜೊತೆ ಕಲಸಿ ಕೊಡುತ್ತೇವೆ. ಬಿಸಿಲಲ್ಲಿ ಬಿದ್ದಿದ್ದ ಬಂಗುಡೆಯನ್ನು ಮನುಷ್ಯರಿಗೂ ಕೊಡಬಾರದು, ನಾಯಿಗೂ ಕೊಡಬಾರದು.

ಮಾತಿನ ವಿಷಯದಲ್ಲಿ ಒಂದು ತೊಡಕಾಯಿತು. ನಮ್ಮ ಮನೆಯಲ್ಲಿ ಕನ್ನಡ, ನೆರೆಮನೆಯ ಅಜ್ಜಿಯದು ಕೊಂಕಣಿ. ನಾವು ಹತ್ತಿರ ಕರೆಯಲು 'ಬಾ' ಎನ್ನುತ್ತೇವೆ. ಅಜ್ಜಿ ಕೂರಲು 'ಬೊಸ್' ಎನ್ನುತ್ತಾರೆ. ಮರಿಯ ಕಿವಿಗೆ ಎರಡೂ ಒಂದೇ. ಅಂಗಳದ ಆಚೆ ತುದಿಯಿಂದ ಕರೆದರೆ ಅದು ಇದ್ದಲ್ಲೇ ಕುಳಿತು, ಬಹುಮಾನಕ್ಕಾಗಿ ಬಾಯಿ ತೆರೆಯುತ್ತಿತ್ತು. ದೋಣಿಯಲ್ಲಿ ಈ ಗೊಂದಲ ಜೀವಕ್ಕೆ ಬರುವಂಥದ್ದು. ಕೊನೆಗೆ 'ಬಾ' ಬಿಟ್ಟು, ನಮ್ಮೂರಿನಲ್ಲಿ ಎಮ್ಮೆ ಕರೆಯುವಂತೆ ನಾಲಿಗೆಯಿಂದ ಸದ್ದು ಮಾಡತೊಡಗಿದೆವು. 'ಹತ್ತು', 'ಇಳಿ', 'ನಿಲ್ಲು' ಈ ಮೂರನ್ನು ಮಾತ್ರ ಮಾತಿನಲ್ಲಿ ಉಳಿಸಿಕೊಂಡೆವು. ಬೋರಲು ಬಿದ್ದಿದ್ದ ದೋಣಿಯನ್ನು ಜುಲೈಯಲ್ಲಿ ಅಂಗಾತ ಮಾಡಿ, ಅಡಿಗೆ ಮರಳಿನ ಚೀಲ ಕೊಟ್ಟು ಅಲುಗಾಡದಂತೆ ನಿಲ್ಲಿಸಿ, ಪ್ರತಿದಿನ ಸಂಜೆ 'ಹತ್ತು' ಎಂದು ಹತ್ತಿಸಿ 'ಇಳಿ' ಎಂದು ಇಳಿಸಿದೆ. ಮಾತು ಬರುವ ಮೊದಲೇ ಹಾರಿದರೆ ಎತ್ತಿ ತಂದು ಮೊದಲಿನಿಂದ. ಆಮೇಲೆ ಒಂದೊಂದೇ ಮರಳಿನ ಚೀಲ ತೆಗೆಯುತ್ತಾ ಹೋದಂತೆ ದೋಣಿ ತುಸು ಹೊರಳತೊಡಗಿತು. ಫೈಬರ್ ತಳ ಒದ್ದೆಯಾದಾಗ ಎಣ್ಣೆ ಸವರಿದಂತಿರುತ್ತದೆ. ಕಾಲು ಜಾರಿ ಅಂಜಿದ ಮರಿ ಮತ್ತೆ ಹತ್ತಲು ಒಪ್ಪುವುದಿಲ್ಲ. ಅದಕ್ಕಾಗಿ ಮುಂಭಾಗದಲ್ಲಿ ತೆಂಗಿನ ನಾರಿನ ಚಾಪೆಯೊಂದನ್ನು ಕಟ್ಟಿ, ಅದೇ ಅದರ ಜಾಗವೆಂದು ಮಾಡಿದೆ.

ಜುಲೈ ಮೂರನೆಯ ವಾರದಲ್ಲಿ ನಡೆದದ್ದು ನನ್ನದೇ ತಪ್ಪು. ಜಗಲಿಯಲ್ಲಿ ಕುಳಿತು ಗಾಳದ ದಾರಗಳನ್ನು ಹೊಸೆಯುತ್ತಿದ್ದೆ. ತಂಗೂಸಿನ (ನೈಲಾನ್ ದಾರದ) ತುದಿಗೆ ಸೀಸದ ಗುಂಡು ಕಟ್ಟಿ, ಗಾಳ ಕಟ್ಟುವ ಮುನ್ನ ಗಿರಾಕಿಯೊಬ್ಬ ಕರೆದನೆಂದು ಎದ್ದು ಹೋದೆ. ಹಿಂದಿನ ವರ್ಷದ ಸಿಗಡಿಯ ವಾಸನೆ ಆ ಗುಂಡಿಗೆ ಹತ್ತಿತ್ತೋ ಏನೋ. ಮರಳಿ ಬಂದಾಗ ಬೆಂಡಿನ ಬಾಯಿಯ ಮೂಲೆಯಿಂದ ಒಂದು ಗೇಣು ತಂಗೂಸು ಹೊರಗೆ ಜೋತಾಡುತ್ತಿತ್ತು, ಅದು ಮುಂಗಾಲಿನಿಂದ ಅದನ್ನು ಕೆರೆಯುತ್ತಿತ್ತು. ನಾನು ಹಿಡಿದು ಎಳೆದೆ. ಎರಡು ಬೆರಳಿನಷ್ಟು ಬಂದು, ಬಿಗಿಯಾಯಿತು. ಮರಿ ಕತ್ತು ಮುಂದೆ ಚಾಚಿ, ಕೂಗಲೂ ಆಗದೆ ಓಕರಿಸಿತು. ಮಗಳು ಕೈ ಹಿಡಿದು, "ಅಪ್ಪಾ, ಎಳಿಬೇಡ, ಎಳಿಬೇಡ" ಎಂದು ಅತ್ತಳು.

ಹೊರಗಿದ್ದ ದಾರ ಇನ್ನಷ್ಟು ಒಳಹೋಗದಂತೆ ಕೊರಳಪಟ್ಟಿಗೆ ಅಂಟುಪಟ್ಟಿಯಿಂದ ಸಡಿಲವಾಗಿ ಅಂಟಿಸಿ, ಮಳೆಯಲ್ಲೇ ಮಡಗಾಂವಿಗೆ ಓಡಿದೆವು. ವೈದ್ಯರು ಎಕ್ಸ್‌ರೇ ತೋರಿಸಿದರು. ಜಠರದಲ್ಲಿ ಸೀಸದ ಗುಂಡು ಬೆಳ್ಳಗೆ, ಕಡಲೆಕಾಳಿನಂತೆ ಕಾಣುತ್ತಿತ್ತು. ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡ ದಾರ ಕರುಳಿಗೆ ಇಳಿದರೆ, ಸಂಚಿಯ ದಾರ ಎಳೆದಾಗ ಬಾಯಿ ನೆರಿಗೆಗಟ್ಟುವಂತೆ ಕರುಳು ನೆರಿಗೆಗಟ್ಟುತ್ತದೆ. ಆಗ ಎಳೆದರೆ ದಾರವೇ ಗರಗಸವಾಗಿ ಕರುಳನ್ನು ಕೊಯ್ಯುತ್ತದೆ. ಬಾಯಿಯಿಂದಾಗಲಿ ಹಿಂದಿನಿಂದಾಗಲಿ ದಾರ ಕಂಡರೆ ಎಳೆಯಬಾರದೆಂದು ಅವರು ನನಗೆ ಎರಡು ಬಾರಿ ಹೇಳಿಸಿದರು. ಗುಂಡನ್ನು ಹಾಗೆಯೇ ಬಿಡುವಂತೆಯೂ ಇರಲಿಲ್ಲ, ಏಕೆಂದರೆ ಜಠರದ ಆಮ್ಲದಲ್ಲಿ ಸೀಸ ನಿಧಾನವಾಗಿ ಕರಗಿ ರಕ್ತಕ್ಕೆ ಸೇರಿ ವಿಷವಾಗುತ್ತದೆ. ಅದೇ ಸಂಜೆ ಹೊಟ್ಟೆ ಕೊಯ್ದು ತೆಗೆದರು. ಹತ್ತು ದಿನ ಹೊಲಿಗೆ, ಹೊಲಿಗೆ ನೆಕ್ಕದಂತೆ ಕೊರಳ ಸುತ್ತ ಪ್ಲಾಸ್ಟಿಕ್ಕಿನ ಆಲಿಕೆ, ಮುಂದಕ್ಕೆ ಹೋದ ಲಸಿಕೆಯ ದಿನಾಂಕ. ಆ ಗುಂಡು ಇಂದಿಗೂ ನನ್ನ ಹತಾರದ ಪೆಟ್ಟಿಗೆಯಲ್ಲಿದೆ. ಅಂದಿನಿಂದ ಗಾಳ, ಗುಂಡು, ತಂಗೂಸು ಮೂರೂ ಮುಚ್ಚಳದ ಡಬ್ಬಿಯಲ್ಲಿ. ಬಲೆ ಹೊಲಿಯುವಾಗ ಕತ್ತರಿಸಿದ ಚೂರುಗಳು ಬಾಟಲಿಯಲ್ಲಿ. ದೋಣಿಗೆ ನಾಯಿಯನ್ನು ಕಲಿಸುತ್ತಿದ್ದೇನೆಂದು ತಿಳಿದಿದ್ದವನು ಮೊದಲು ನನ್ನ ಜಗಲಿಯನ್ನು ನಾಯಿಗೆ ತಕ್ಕಂತೆ ಇಟ್ಟುಕೊಳ್ಳಬೇಕಿತ್ತು.

ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ಎಲ್ಲರ ದೋಣಿಗಳೂ ನೀರಿಗಿಳಿದವು. ಬೆಂಡು ಚವತಿ ಮುಗಿಯುವ ತನಕ ದಡದಲ್ಲೇ ಕುಳಿತು ಊಳಿಟ್ಟಿತು. ಲಸಿಕೆ ಮುಗಿದ ಮೇಲೆ, ಸೆಪ್ಟೆಂಬರಿನಲ್ಲಿ, ಉಬ್ಬರ ತುಂಬಿ ನೀರು ನಿಂತ ಹೊತ್ತನ್ನು ಆರಿಸಿ ಮೊದಲ ಬಾರಿ ಹತ್ತಿಸಿದೆ. ಎಂಜಿನ್ ಹಚ್ಚಲಿಲ್ಲ, ಹುಟ್ಟು ಹಾಕುತ್ತಾ ಇಪ್ಪತ್ತು ನಿಮಿಷ, ದಡದಿಂದ ಹತ್ತು ಮಾರು ದೂರದಲ್ಲಿ. ಬೆನ್ನಿನ ಮೇಲೆ ಹಿಡಿಕೆಯಿರುವ ನಾಯಿಯ ಲೈಫ್ ಜಾಕೆಟ್ ತರಿಸಿದ್ದೆ. ತೇಲಿಸುವುದಕ್ಕಿಂತಲೂ ಆ ಹಿಡಿಕೆಯೇ ಮುಖ್ಯ, ಒದ್ದೆಯಾದ ನಾಯಿಯನ್ನು ದೋಣಿಯ ಅಂಚಿನ ಮೇಲಿಂದ ಎತ್ತಲು ಬೇರೆ ಹಿಡಿತವೇ ಸಿಗುವುದಿಲ್ಲ. ಮೂರನೆಯ ದಿನವೇ ಅದು ಉಪಯೋಗಕ್ಕೆ ಬಂತು. ಹೊಳೆದಡದ ಕಾಂಡ್ಲ ಗಿಡದ ಬೇರಿನ ಮೇಲೆ ಕುಳಿತಿದ್ದ ಬೆಳ್ಳಕ್ಕಿಯ ಕಡೆಗೆ ಬೆಂಡು ನೇರ ಹಾರಿತು. ದೋಣಿಗೆ ಕಟ್ಟಿಹಾಕು ಎಂದು ಹಲವರು ಹೇಳಿದರು. ನಾನು ಕಟ್ಟುವುದಿಲ್ಲ. ದೋಣಿ ಮಗುಚಿದರೆ ಕಟ್ಟಿದ ನಾಯಿ ಅದರೊಂದಿಗೇ ಮುಳುಗುತ್ತದೆ.

ಅಳಿವೆಯ ಆಚೆಗೆ ಅದನ್ನು ಒಯ್ಯುವುದಿಲ್ಲ. ಅಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುವಾಗ ಮನುಷ್ಯರೇ ಕೂರಲಾರರು. ಕುಡಿಯಲು ಎರಡು ಲೀಟರ್ ಸಿಹಿನೀರು ಪ್ರತ್ಯೇಕ ಇರಬೇಕು, ಇಲ್ಲವಾದರೆ ಬಾಯಾರಿ ಉಪ್ಪುನೀರು ನೆಕ್ಕಿ ವಾಂತಿ ಮಾಡುತ್ತದೆ. ನಾಯಿ ಮೈಯೆಲ್ಲ ಬೆವರುವ ಪ್ರಾಣಿಯಲ್ಲವಾದ್ದರಿಂದ ಬಿಸಿಲೇರುವ ಮುನ್ನ, ಒಂಬತ್ತರೊಳಗೆ, ದಡ ಸೇರುತ್ತೇನೆ.

ಹಿಡಿದ ಮೀನಿನ ಜೊತೆಗಿನ ಪಾಠವನ್ನು ನಾನು ಕಲಿಸಬೇಕಾಗಲಿಲ್ಲ. ಬುಟ್ಟಿಗೆ ಮೂಗು ತೂರಿದ ದಿನ ಏಡಿಯೊಂದು ಕಲಿಸಿತು. ಆದರೆ ಎರಡು ಮೀನುಗಳನ್ನು ನಾನೇ ಮೊದಲು ಬೇರೆ ಮಾಡುತ್ತೇನೆ. ಇಲ್ಲಿಯವರು ಸಾಂಗಟ್ ಎನ್ನುವ ಮೀಸೆಮೀನಿನ ಬೆನ್ನು ಮತ್ತು ಎರಡು ಪಕ್ಕಗಳಲ್ಲಿ ಗರಗಸದಂಥ ವಿಷಮುಳ್ಳುಗಳಿರುತ್ತವೆ. ಅವನ್ನು ಬಲೆಯಿಂದ ಬಿಡಿಸುವ ಮುನ್ನವೇ ಇಕ್ಕಳದಲ್ಲಿ ಮುರಿದುಹಾಕುತ್ತೇನೆ. ಹೊಟ್ಟೆ ಉಬ್ಬಿಸಿಕೊಳ್ಳುವ ಮೀನನ್ನು ದಡದಲ್ಲಿ ಎಸೆಯದೆ ನೀರಿಗೇ ಬಿಡುತ್ತೇನೆ, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ, ನಾಯಿ ಸಾಯುತ್ತದೆ.

ಇನ್ನೂ ಬಗೆಹರಿಯದ ಜಗಳವೊಂದಿದೆ. ನಾಯಿಗೆ ಗಡಿಯಾರದ ಹೊತ್ತು, ಬಲೆಗೆ ನೀರಿನ ಹೊತ್ತು. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಬೆಂಡು ಮಾತ್ರ ಐದು ಗಂಟೆಗೆ ಸರಿಯಾಗಿ ಬಾಗಿಲು ಕೆರೆಯುತ್ತದೆ. ನೀರು ಏಳಕ್ಕೆ ಎಂದರೆ ಅದಕ್ಕೆ ತಿಳಿಯುವುದಿಲ್ಲ. ಆ ಎರಡು ಗಂಟೆಗಳಲ್ಲಿಯೇ ಮನೆಯ ಅನಾಹುತಗಳೆಲ್ಲ ನಡೆಯುವುದು. ಅದಕ್ಕೆ ಈಗ ವರ್ಷ ದಾಟಿತು, ಹಲ್ಲು ಬದಲಾಗಿ ಎಷ್ಟೋ ಕಾಲವಾಯಿತು, ಆದರೂ ಬಲೆ ಹಾಕುವ ಮುನ್ನ ನಾನು ಬೆಂಡುಗಳನ್ನು ಎಣಿಸುತ್ತೇನೆ. ನಿನ್ನೆ ಎರಡು ಕಡಿಮೆಯಿದ್ದವು. ಒಂದು ಹೆಂಡತಿಯ ಚಪ್ಪಲಿಯ ಒಳಗೆ ಸಿಕ್ಕಿತು, ಇನ್ನೊಂದನ್ನು ಹುಡುಕುತ್ತಿರುವಾಗ ಅದು ಡ್ರಮ್ಮಿನ ಪಕ್ಕದಲ್ಲಿ, ಮಡಚಿದ ಕಿವಿಯನ್ನು ಇನ್ನಷ್ಟು ಮಡಚಿಕೊಂಡು, ನನ್ನನ್ನೇ ನೋಡುತ್ತಾ ಕುಳಿತಿತ್ತು.