ಹಳೆ ಫಿಶ್ ಟ್ಯಾಂಕ್ ತಂದಿರಾ? ಮೀನು ಬಿಡುವ ಮುಂಚೆ ಎರಡು ದಿನ ಕಾಯಿರಿ

ಮನೆ ಖಾಲಿ ಮಾಡುತ್ತಿದ್ದವರೊಬ್ಬರಿಂದ ಮೂರಡಿ ಉದ್ದದ ಫಿಶ್ ಟ್ಯಾಂಕ್ ಕೊಂಡು ತಂದಿದ್ದೆ. ಸಂಜೆ ತಂದು, ತೊಳೆದು, ನೀರು ತುಂಬಿಸಿ, ರಾತ್ರಿಯೇ ಮೀನು ಬಿಟ್ಟೆ. ಬೆಳಿಗ್ಗೆ ಎದ್ದಾಗ ಟ್ಯಾಂಕ್ ಸೋರಿ ಹಾಲ್ ತುಂಬ ನೀರು. ಮೀನುಗಳನ್ನೆಲ್ಲ ಬಕೆಟ್ಟಿಗೆ ಹಾಕಿದೆ, ಆದರೂ ಎರಡು ಉಳಿಯಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನೋಡಲು ಹೋಗುವಾಗ ಒಂದು ಟಾರ್ಚ್ ಇಟ್ಟುಕೊಳ್ಳಿ. ಗಾಜುಗಳನ್ನು ಹಿಡಿದಿಟ್ಟಿರುವುದು ಸಿಲಿಕಾನ್ ಎಂಬ ರಬ್ಬರಿನಂಥ ಅಂಟು. ಅದು ಎರಡು ಕಡೆ ಇರುತ್ತದೆ. ಗಾಜಿಗೂ ಗಾಜಿಗೂ ನಡುವೆ ತೆಳುವಾಗಿ ಇರುವುದು ಒಂದು. ಭಾರವನ್ನೆಲ್ಲ ಹೊರುವುದು ಅದೇ. ಒಳಗಿನ ಮೂಲೆಗಳ ಉದ್ದಕ್ಕೂ ದಪ್ಪಗೆ ಬಳಿದಿರುವುದು ಇನ್ನೊಂದು; ಅದು ಮೊದಲನೆಯದನ್ನು ಕಾಯುತ್ತದೆ. ಒಳಗಿನದು ಎದ್ದಿದ್ದರೆ ಮನೆಯಲ್ಲೇ ಸರಿ ಮಾಡಬಹುದು. ಆದರೆ ಹೊರಗಿನಿಂದ ಟಾರ್ಚ್ ಬಿಟ್ಟಾಗ ಗಾಜುಗಳ ನಡುವೆ ಗುಳ್ಳೆ ಅಥವಾ ಬಿಳಿ ಪಟ್ಟಿ ಅಂಚಿನಿಂದ ಅಂಚಿಗೆ ಹರಡಿದ್ದರೆ, ತೊಟ್ಟಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕೂಡಿಸಬೇಕಾಗುತ್ತದೆ. ಮೊದಲ ಸಲ ಮಾಡುವವರು ಅಂಥದ್ದನ್ನು ಬಿಟ್ಟುಬಿಡಿ. ತಳದ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಮೇಲಂಚಿನಲ್ಲಿ ಚೂರು ಒಡೆದಿದ್ದು, ಅದು ಸಿಲಿಕಾನ್‌ವರೆಗೆ ಹೋಗದಿದ್ದರೆ ಪರವಾಗಿಲ್ಲ.

ಇನ್ನೆರಡು ಪ್ರಶ್ನೆ ಕೇಳಿ. ತೊಟ್ಟಿ ಎಷ್ಟು ದಿನದಿಂದ ಖಾಲಿ ಇದೆ? ತಾರಸಿಯ ಬಿಸಿಲಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಸೋರುತ್ತದೆ ಎಂದುಕೊಂಡೇ ಬೆಲೆ ಮಾತಾಡಿ. ಮೀನಿಗೆ ಯಾವ ಔಷಧಿ ಹಾಕುತ್ತಿದ್ದರು? ತಾಮ್ರ ಇರುವ ಔಷಧಿ ಆಗಿದ್ದರೆ ಅದರಲ್ಲಿ ಸೀಗಡಿ, ಬಸವನಹುಳು ಸಾಕಬೇಡಿ, ಹಳೆ ಕಲ್ಲುಗಳನ್ನೂ ತರಬೇಡಿ.

ಸಾಗಿಸುವಾಗ ಒಳಗೆ ನೀರು, ಕಲ್ಲು ಏನೂ ಇರಬಾರದು. ಮೇಲಂಚು ಹಿಡಿದು ಎತ್ತಬೇಡಿ, ತಳಕ್ಕೆ ಕೈ ಕೊಡಿ.

ತೊಳೆಯಲು ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡವೇ ಬೇಡ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ವಿನೆಗರ್ ಸಾಕು. ಅರ್ಧ ವಿನೆಗರ್, ಅರ್ಧ ನೀರಿನಲ್ಲಿ ಬಟ್ಟೆ ಅದ್ದಿ ಕಲೆಯ ಮೇಲೆ ಅರ್ಧ ಗಂಟೆ ಅಂಟಿಸಿಡಿ. ಆಮೇಲೆ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಿರಿ. ಮೂಲೆಯ ಸಿಲಿಕಾನ್‌ಗೆ ಬ್ಲೇಡು ತಾಗದಂತೆ ನೋಡಿಕೊಳ್ಳಿ.

ಈಗ ನಾನು ಬಿಟ್ಟುಬಿಟ್ಟಿದ್ದ ಕೆಲಸ. ಬಚ್ಚಲಲ್ಲೋ ಅಂಗಳದಲ್ಲೋ ಸಮತಟ್ಟಾದ ಜಾಗದಲ್ಲಿ ಥರ್ಮಾಕೋಲ್ ಹಾಳೆ ಹಾಸಿ ತೊಟ್ಟಿ ಇಡಿ. ಸುತ್ತ ನಾಲ್ಕೂ ಕಡೆ ಹಳೆ ನ್ಯೂಸ್‌ಪೇಪರ್ ಹಾಸಿ, ಅಂಚು ತೊಟ್ಟಿಗೆ ತಾಗುವಂತಿರಲಿ. ಒಂದೇ ಸಲ ತುಂಬಿಸಬೇಡಿ. ಮೂರನೇ ಒಂದು ಭಾಗ ತುಂಬಿಸಿ, ಒಂದು ಗಂಟೆ ಬಿಡಿ, ನೋಡಿ, ಮತ್ತೆ ತುಂಬಿಸಿ. ತುಂಬಿದ ಮೇಲೆ ಹೊರಗೆ ಒರೆಸಿ ಎರಡು ದಿನ ಬಿಡಿ. ನೀರಿನ ಮಟ್ಟ ಸ್ವಲ್ಪ ಇಳಿದರೆ ಅದು ಆವಿಯಾಗಿದ್ದೂ ಇರಬಹುದು. ನಂಬಬೇಕಾದ್ದು ಪೇಪರನ್ನು. ಪೇಪರ್ ಒದ್ದೆಯಾದ ಜಾಗದಿಂದ ಬೆರಳು ಮೇಲಕ್ಕೆ ಸವರುತ್ತಾ ಹೋದರೆ ಸೋರುವ ಮೂಲೆ ಸಿಗುತ್ತದೆ. ತಣ್ಣನೆ ನೀರು ಹಾಕಿದಾಗ ಗಾಜು ಹೊರಗೆ ಬೆವರುವುದುಂಟು, ಅದನ್ನು ಸೋರಿಕೆ ಅಂದುಕೊಳ್ಳಬೇಡಿ.

ಸೋರಿತು ಅಂತಿಟ್ಟುಕೊಳ್ಳಿ. ಹೊರಗಿನಿಂದ ಸಿಲಿಕಾನ್ ಮೆತ್ತಿದರೆ ಸಾಲದಾ? ಸಾಲದು, ಒಳಗಿನ ನೀರು ಅದನ್ನು ತಳ್ಳಿಬಿಡುತ್ತದೆ. ಹಳೆಯದರ ಮೇಲೆ ಹೊಸದನ್ನು ಬಳಿದರೂ ನಿಲ್ಲುವುದಿಲ್ಲ, ಒಣಗಿದ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಸರಿಯಾಗಿ ಹಿಡಿಯುವುದಿಲ್ಲ. ತೊಟ್ಟಿ ಖಾಲಿ ಮಾಡಿ ಪೂರ್ತಿ ಒಣಗಿಸಿ. ಸೋರುವ ಮೂಲೆಯದು ಮಾತ್ರವಲ್ಲ, ಒಳಗಿನ ಎಲ್ಲ ಮೂಲೆಗಳ ಸಿಲಿಕಾನನ್ನೂ ಬ್ಲೇಡಿನಿಂದ ಕೆರೆದು ತೆಗೆಯಿರಿ. ಗಾಜುಗಳ ನಡುವೆ ಮಾತ್ರ ಬ್ಲೇಡು ತೂರಿಸಬೇಡಿ. ಇದೇ ಜಾಸ್ತಿ ಹೊತ್ತು ಹಿಡಿಯುವ ಕೆಲಸ, ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ಕೊನೆಗೆ ಅಸಿಟೋನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ಆ ಜಾಗಕ್ಕೆ ಬೆರಳು ತಾಗಬಾರದು.

ಸಿಲಿಕಾನ್ ಕೊಳ್ಳುವಾಗ ಡಬ್ಬಿ ಮೇಲೆ ಅಕ್ವೇರಿಯಂಗೆ ಆಗುತ್ತದೆ ಎಂದು ಬರೆದಿದೆಯಾ ನೋಡಿ. ಬಚ್ಚಲುಮನೆಗೆ ಹಾಕುವ, ಬೂಷ್ಟು ಹಿಡಿಯದಂತೆ ಮದ್ದು ಬೆರೆಸಿದ ಸಿಲಿಕಾನ್ ಮೀನಿಗೆ ವಿಷ. ಮೂಲೆಯ ಎರಡೂ ಬದಿಗೆ ಪೇಪರ್ ಟೇಪ್ ಅಂಟಿಸಿ, ನಡುವೆ ಸಿಲಿಕಾನ್ ಹಿಂಡುವ ಗನ್ನಿನಿಂದ ಎಲ್ಲೂ ನಿಲ್ಲಿಸದೆ ಒಂದೇ ಎಳೆಯಾಗಿ ಬಿಡಿ. ಕೂಡಲೇ ಬೆರಳಿನಿಂದ ಒಮ್ಮೆ ಎಳೆದು ನಯ ಮಾಡಿ, ಹಸಿ ಇರುವಾಗಲೇ ಟೇಪ್ ಕೀಳಿ. ಕಿಟಕಿ ತೆರೆದಿರಲಿ, ವಿನೆಗರ್‌ನಂಥ ಘಾಟು ಇರುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಸುಮಾರು ಒಂದು ವಾರ, ಮುಟ್ಟಬೇಡಿ. ಮತ್ತೆ ಪೇಪರ್ ಹಾಸಿ, ಎರಡು ದಿನ ನೀರಿಟ್ಟು ನೋಡಿ.

ಸ್ಟ್ಯಾಂಡ್ ಮೇಲೆ ರಸಮಟ್ಟ ಇಟ್ಟು ಪರೀಕ್ಷಿಸಿ. ನನ್ನ ತೊಟ್ಟಿ 90 ಸೆಂ.ಮೀ. ಉದ್ದ, 30 ಅಗಲ, 45 ಎತ್ತರ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ ಸುಮಾರು 120 ಲೀಟರ್, ಅಂದರೆ ನೀರೇ 120 ಕೆ.ಜಿ. ಗಾಜು, ಕಲ್ಲು ಸೇರಿದರೆ ಒಂದೂವರೆ ಕ್ವಿಂಟಲ್. ಹಳೆ ಟೀಪಾಯಿ ಇದನ್ನು ತಡೆಯುವುದಿಲ್ಲ. ನೀರು ಬೆಚ್ಚಗಿಡುವ ಹಳೆ ಹೀಟರಿನ ಗಾಜು ಬಿರುಕು ಬಿಟ್ಟಿದ್ದರೆ ಎಸೆಯಿರಿ. ಹೀಟರ್, ಫಿಲ್ಟರುಗಳ ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ. ವೈರಿನಲ್ಲಿ ಹರಿದು ಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ತೊಟ್ಟಿಗೆ ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ.

ನಲ್ಲಿ ನೀರಾದರೆ ಅದರ ಕ್ಲೋರಿನ್ ತೆಗೆದ ಮೇಲೇ ಮೀನು ಬಿಡಿ. ಮೊದಲು ಎರಡೋ ಮೂರೋ ಮೀನು ಸಾಕು. ಅವುಗಳ ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಊಟ ಕಡಿಮೆ ಹಾಕಿ, ಎರಡು ದಿನಕ್ಕೊಮ್ಮೆ ಒಂದೆರಡು ಬಕೆಟ್ ನೀರು ಬದಲಿಸಿ.